ಎರೆ ನೆಲದಲ್ಲಿ ಹಳೆಯ ಮನೆಗೆ ಹೊಸ ಕೋಣೆ: ಮಳೆಯಿಂದ ರಕ್ಷಣೆ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾರಿದ ಹಣ ಕೈಸೇರಿದ ಬಳಿಕ ಹಳೆಯ ಮನೆಗೆ ಕೋಣೆ ಸೇರಿಸಲು ಮುಂದಾಗುವುದುಂಟು. ಅಷ್ಟರಲ್ಲಿ ಮುಂಗಾರು ಸಮೀಪಿಸಿರುತ್ತದೆ.

ಎರೆ ನೆಲದಲ್ಲಿ ಛಾವಣಿಗಿಂತ ಮೊದಲು ಕಾಯಬೇಕಾದುದು ತಳಪಾಯದ ಗುಂಡಿಯನ್ನು. ಎರೆ ಮಣ್ಣು ನೀರು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಳೆಯ ಮಣ್ಣಿನ ಗೋಡೆಯ ಪಕ್ಕದ ಗುಂಡಿಯಲ್ಲಿ ಒಂದು ರಾತ್ರಿ ನೀರು ನಿಂತರೂ ಗೋಡೆಯ ಬುಡ ಮೆತ್ತಗಾಗಿ ಕುಸಿಯಬಹುದು. ಗುಂಡಿ ತೆರೆದಿರುವಷ್ಟು ದಿನ ಆ ಗೋಡೆಯ ಒಳಬದಿಯಲ್ಲಿ ಯಾರೂ ಮಲಗಬಾರದು, ದನಗಳನ್ನೂ ಕಟ್ಟಬಾರದು. ಗುಂಡಿಯನ್ನು ಒಮ್ಮೆಲೇ ಪೂರ್ತಿ ತೋಡದೆ ತುಂಡುತುಂಡಾಗಿ ತೋಡಿ, ಕೂಡಲೇ ಕಲ್ಲು ಕಟ್ಟಿ, ಬದಿಗಳಿಗೆ ಗರಸು ತುಂಬಿ ದಮ್ಮಸ್ಸು ಮಾಡಬೇಕು. ತೆಗೆದ ಎರೆ ಮಣ್ಣನ್ನೇ ಮರಳಿ ತುಂಬುವುದು ಉಳಿತಾಯವೆನಿಸಿದರೂ ಸಲ್ಲದು. ಹೊಸ ಗುಂಡಿ ಹಳೆಯ ತಳಪಾಯಕ್ಕಿಂತ ಆಳವಾಗುವುದಾದರೆ ಎಂಜಿನಿಯರರ ಸಲಹೆ ಪಡೆಯುವುದು ಅಗತ್ಯ.

ಒಣದ್ರಾಕ್ಷಿ ಶೆಡ್ಡಿನ ತಾಡಪತ್ರಿ ಈ ವೇಳೆಗೆ ಬಿಡುವಾಗಿರುತ್ತದೆ. ಅದನ್ನು ಹಳೆಯ ಗೋಡೆಯ ಮೇಲಿನಿಂದ ಇಳಿಜಾರಾಗಿ ಕಟ್ಟಿ, ಅಂಚು ಗುಂಡಿಯಾಚೆ ಬೀಳುವಂತೆ ನೋಡಿಕೊಳ್ಳಿರಿ. ಮಾಳಿಗೆಯ ನೀರನ್ನು ಕೊಳವೆಯ ಮೂಲಕ ದೂರ ಸಾಗಿಸಿರಿ. ನೀರು ನಿಂತು ಕೆಸರಾದ ತಳವನ್ನು ಕೆರೆದು ತೆಗೆದ ನಂತರವೇ ಕಾಂಕ್ರೀಟು ಹಾಕಬೇಕು. ಸಿಮೆಂಟ್ ಚೀಲಗಳು ಹಲಗೆಯ ಮೇಲಿರಲಿ. ಗಂಟುಕಟ್ಟಿದ ಸಿಮೆಂಟನ್ನು ತಳಪಾಯಕ್ಕೆ ಬಳಸಬೇಡಿರಿ.