ಎಕ್ಸ್‌ಫಿನಿಟಿ ೫೦೦ (೨೦೨೨)

೨೦೨೨ರ ಎಕ್ಸ್‌ಫಿನಿಟಿ ೫೦೦ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ರಾಜ್ಯದಲ್ಲಿರುವ ಮಾರ್ಟಿನ್ಸ್‌ವಿಲ್ ಸ್ಪೀಡ್‌ವೇ ಎಂಬ ಕಿರು ಅಂಡಾಕಾರದ ಪಥದಲ್ಲಿ ೨೦೨೨ರ ಅಕ್ಟೋಬರ್ ೩೦ರಂದು ಜರುಗಿದ ಸ್ಟಾಕ್ ಕಾರ್ ಓಟ. ನ್ಯಾಸ್ಕರ್ ಸಂಸ್ಥೆಯ ಕಪ್ ಸರಣಿಯ ಆ ವರ್ಷದ ೩೬ ಓಟಗಳಲ್ಲಿ ಇದು ೩೫ನೆಯದು. ಪ್ರಶಸ್ತಿಗಾಗಿ ಅಂತಿಮವಾಗಿ ಸೆಣಸುವ ನಾಲ್ವರು ಚಾಲಕರನ್ನು ನಿರ್ಧರಿಸುವ ಪ್ಲೇಆಫ್ ಓಟವೂ ಹೌದು. ಜೋ ಗಿಬ್ಸ್ ರೇಸಿಂಗ್ ತಂಡದ ಕ್ರಿಸ್ಟೋಫರ್ ಬೆಲ್ ಇದನ್ನು ಗೆದ್ದರು. ಆದರೆ ಈ ಓಟ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಗೆದ್ದವರಿಂದಲ್ಲ. ಕೊನೆಯ ಸುತ್ತಿನಲ್ಲಿ ರಾಸ್ ಚಾಸ್ಟೇನ್ ಎಂಬ ಚಾಲಕರು ತಮ್ಮ ಕಾರನ್ನು ಹೊರಗೋಡೆಗೆ ಒತ್ತಿ, ವೇಗ ತಗ್ಗಿಸದೆ ಎರಡು ತಿರುವುಗಳನ್ನು ದಾಟಿ, ಐದು ಕಾರುಗಳನ್ನು ಹಿಂದಿಕ್ಕಿದರು. ಆ ಕ್ಷಣದಲ್ಲಿ ಅದು ನಿಯಮಬಾಹಿರವಾಗಿರಲಿಲ್ಲ. ಮೂರು ತಿಂಗಳ ನಂತರ ಅದು ದಂಡಾರ್ಹವೆನಿಸಿತು. ಎರಡು ವರ್ಷಗಳ ನಂತರ ಅದೇ ಪಥದಲ್ಲಿ ಆ ದಂಡ ಇದೇ ಬೆಲ್ ಅವರ ಪಾಲಿಗೆ ಬಂದಿತು.

ಪಥ

ಸ್ಟಾಕ್ ಕಾರ್ ಎಂದರೆ ಮೂಲತಃ ಜನಸಾಮಾನ್ಯರು ಕೊಳ್ಳುವ ಕಾರನ್ನೇ ಓಟಕ್ಕೆ ಇಳಿಸುವುದು ಎಂದು ಅರ್ಥ. ಇಂದಿನ ಸ್ಟಾಕ್ ಕಾರುಗಳಲ್ಲಿ ಹೊರರೂಪವೊಂದನ್ನು ಬಿಟ್ಟರೆ ಮಾರುಕಟ್ಟೆಯ ಕಾರಿನ ಹೋಲಿಕೆ ಹೆಚ್ಚೇನೂ ಉಳಿದಿಲ್ಲ. ಈ ಓಟಗಳು ಬಹುಮಟ್ಟಿಗೆ ಅಂಡಾಕಾರದ ಪಥಗಳಲ್ಲಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ. ಆದ್ದರಿಂದ ಚಾಲಕರು ಯಾವಾಗಲೂ ಎಡಕ್ಕೇ ತಿರುಗುತ್ತಾರೆ. ಹೊರಗೋಡೆ ಸದಾ ಬಲಗಡೆ ಇರುತ್ತದೆ. ಒಂದು ಮೈಲಿಗಿಂತ ಕಡಿಮೆ ಉದ್ದದ ಪಥಗಳನ್ನು ಕಿರು ಪಥಗಳೆಂದು ಕರೆಯುವರು.

ಮಾರ್ಟಿನ್ಸ್‌ವಿಲ್ ಕಿರು ಪಥಗಳಲ್ಲಿಯೂ ಕಿರಿದು. ಇದರ ಉದ್ದ ೦.೫೨೬ ಮೈಲಿ, ಅಂದರೆ ಸುಮಾರು ೮೪೭ ಮೀಟರ್. ನಮ್ಮ ಕ್ರೀಡಾಂಗಣಗಳ ೪೦೦ ಮೀಟರ್ ಓಟದ ಪಥದ ಎರಡರಷ್ಟಕ್ಕಿಂತ ತುಸು ಹೆಚ್ಚು. ಉದ್ದನೆಯ ಎರಡು ನೇರ ಭಾಗಗಳು, ತುದಿಗಳಲ್ಲಿ ಬಹಳ ಬಿಗಿಯಾದ ತಿರುವುಗಳು: ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ಆಕಾರವೆಂದು ಇದನ್ನು ವರ್ಣಿಸುವುದು ರೂಢಿ. ನೇರ ಭಾಗಗಳಿಗೆ ಡಾಂಬರು, ತಿರುವುಗಳಿಗೆ ಕಾಂಕ್ರೀಟು ಹಾಕಲಾಗಿದೆ. ತಿರುವುಗಳ ಓರೆ ೧೨ ಡಿಗ್ರಿ ಮಾತ್ರ. ದೊಡ್ಡ ಪಥಗಳಲ್ಲಿ ಕಡಿದಾದ ಓರೆಯೇ ಕಾರನ್ನು ಹಿಡಿದು ತಿರುಗಿಸಲು ನೆರವಾಗುತ್ತದೆ. ಇಲ್ಲಿ ಆ ಅನುಕೂಲ ಇಲ್ಲದ ಕಾರಣ ಚಾಲಕರು ಪ್ರತಿ ತಿರುವಿಗೂ ಬಲವಾಗಿ ಬ್ರೇಕ್ ಒತ್ತಲೇಬೇಕು. ಒಂದು ಸುತ್ತಿಗೆ ಎರಡು ಬಾರಿಯಂತೆ ಐದುನೂರು ಸುತ್ತುಗಳಲ್ಲಿ ಸಾವಿರ ಬಾರಿ ಈ ಕೆಲಸ ನಡೆಯುತ್ತದೆ. ಬ್ರೇಕು ಮತ್ತು ಟೈರುಗಳನ್ನು ಕೊನೆಯವರೆಗೆ ಕಾಪಾಡಿಕೊಳ್ಳುವ ತಾಳ್ಮೆಯೇ ಇಲ್ಲಿನ ವಿದ್ಯೆ.

ಈ ಪಥವನ್ನು ೧೯೪೭ರಲ್ಲಿ ಎಚ್. ಕ್ಲೇ ಅರ್ಲ್ಸ್ ಕಟ್ಟಿಸಿದರು. ಆಗ ಇದು ಮಣ್ಣಿನ ಪಥ. ೧೯೫೫ರಲ್ಲಿ ಡಾಂಬರು ಕಂಡಿತು. ೧೯೪೯ರ ಮೊದಲ ಸರಣಿಯಿಂದ ಇಂದಿನವರೆಗೂ ಕಪ್ ಓಟಗಳನ್ನು ನಡೆಸುತ್ತ ಬಂದಿರುವ ಏಕೈಕ ಪಥವಿದು. ಗೆದ್ದವರಿಗೆ ಇಲ್ಲಿ ಬೆಳ್ಳಿಯ ಬಟ್ಟಲನ್ನು ಕೊಡುವುದಿಲ್ಲ. ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ. ೧೯೬೪ರಿಂದ ನಡೆದುಬಂದ ಈ ಪದ್ಧತಿಗೆ ಆ ಪ್ರದೇಶದ ಗಡಿಯಾರ ತಯಾರಿಕೆಯ ಉದ್ಯಮವೇ ಮೂಲ.

ಸ್ಪರ್ಧಾಕ್ರಮ

ಕೊನೆಯ ಸುತ್ತಿನ ಸಾಹಸವನ್ನು ಅರ್ಥ ಮಾಡಿಕೊಳ್ಳಲು ಆಗ ಜಾರಿಯಲ್ಲಿದ್ದ ಅಂಕಪದ್ಧತಿಯನ್ನು ತಿಳಿದಿರಬೇಕು. ೨೦೧೪ರಲ್ಲಿ ಆರಂಭವಾದ ನಿರ್ಮೂಲನ ಕ್ರಮದಂತೆ ಮೊದಲ ೨೬ ಓಟಗಳ ಬಳಿಕ ೧೬ ಚಾಲಕರು ಪ್ಲೇಆಫ್ ಪ್ರವೇಶಿಸುತ್ತಿದ್ದರು. ಪ್ರತಿ ಮೂರು ಓಟಗಳಿಗೊಮ್ಮೆ ನಾಲ್ವರು ಹೊರಬೀಳುತ್ತ ಹದಿನಾರು ಹನ್ನೆರಡಾಗಿ, ಹನ್ನೆರಡು ಎಂಟಾಗಿ, ಎಂಟು ನಾಲ್ಕಾಗುತ್ತಿತ್ತು. ಉಳಿದ ನಾಲ್ವರಲ್ಲಿ ಕೊನೆಯ ಓಟದಲ್ಲಿ ಮುಂದೆ ಬಂದವರೇ ವರ್ಷದ ಚಾಂಪಿಯನ್. ಒಂದು ಘಟ್ಟದ ಮೂರು ಓಟಗಳಲ್ಲಿ ಯಾವುದೇ ಒಂದನ್ನು ಗೆದ್ದ ಪ್ಲೇಆಫ್ ಚಾಲಕ ನೇರವಾಗಿ ಮುಂದಿನ ಘಟ್ಟಕ್ಕೆ ಹೋಗುತ್ತಿದ್ದ. ಮಿಕ್ಕ ಸ್ಥಾನಗಳು ಅಂಕಗಳ ಲೆಕ್ಕದಲ್ಲಿ ತೀರ್ಮಾನವಾಗುತ್ತಿದ್ದವು. ಎರಡನೆಯ ಸ್ಥಾನಕ್ಕೆ ೩೫ ಅಂಕ, ಮೂರನೆಯದಕ್ಕೆ ೩೪, ಹೀಗೆ ಕೆಳಗಿಳಿದಂತೆ ಒಂದೊಂದು ಅಂಕ ಕಡಿಮೆ. ಎಂದರೆ ಒಂದು ಕಾರನ್ನು ದಾಟಿದರೆ ಒಂದು ಅಂಕ ಗಳಿಸಿದಂತೆ.

ಮಾರ್ಟಿನ್ಸ್‌ವಿಲ್ ಓಟವು ಎಂಟರ ಘಟ್ಟದ ಕೊನೆಯದು. ಆ ಘಟ್ಟದ ಮೊದಲ ಓಟವನ್ನು ಲಾಸ್ ವೇಗಾಸ್‌ನಲ್ಲಿ ಗೆದ್ದ ಜೋಯಿ ಲೊಗಾನೊ ಆಗಲೇ ಅಂತಿಮ ನಾಲ್ವರಲ್ಲಿ ಒಬ್ಬರಾಗಿದ್ದರು. ಎರಡನೆಯದನ್ನು ಹೋಮ್‌ಸ್ಟೆಡ್‌ನಲ್ಲಿ ಗೆದ್ದ ಕೈಲ್ ಲಾರ್ಸನ್ ಹಿಂದಿನ ಘಟ್ಟದಲ್ಲೇ ಹೊರಬಿದ್ದಿದ್ದರಿಂದ ಆ ಗೆಲುವು ಯಾರಿಗೂ ಸ್ಥಾನ ಕೊಡಲಿಲ್ಲ. ಹೀಗಾಗಿ ಮೂರು ಸ್ಥಾನಗಳಿಗೆ ಏಳು ಮಂದಿ ಉಳಿದರು: ಚಾಸ್ಟೇನ್, ಚೇಸ್ ಎಲಿಯಟ್, ವಿಲಿಯಂ ಬೈರನ್, ಡೆನ್ನಿ ಹ್ಯಾಮ್ಲಿನ್, ರಯಾನ್ ಬ್ಲೇನಿ, ಬೆಲ್ ಮತ್ತು ಚೇಸ್ ಬ್ರಿಸ್ಕೋ. ಇವರಲ್ಲಿ ಬೆಲ್ ಮತ್ತು ಬ್ರಿಸ್ಕೋ ಅಂಕಗಳಲ್ಲಿ ಬಹಳ ಹಿಂದಿದ್ದ ಕಾರಣ ಅವರಿಗೆ ಗೆಲುವೊಂದೇ ದಾರಿ.

ಓಟ

ಲಾರ್ಸನ್ ೧೯.೭೦೯ ಸೆಕೆಂಡುಗಳ ಸುತ್ತಿನೊಂದಿಗೆ ಮುಂಚೂಣಿಯಿಂದ ಹೊರಟರು. ಆದರೆ ಅತಿ ಹೆಚ್ಚು ಸುತ್ತುಗಳ ಕಾಲ ಮುಂದಿದ್ದವರು ಹ್ಯಾಮ್ಲಿನ್. ಮೂರು ಬಾರಿ ಡೇಟೋನಾ ೫೦೦ ಗೆದ್ದಿದ್ದರೂ ಕಪ್ ಸರಣಿಯ ಚಾಂಪಿಯನ್ ಪಟ್ಟ ಅಲ್ಲಿಯವರೆಗೂ ಅವರಿಗೆ ದಕ್ಕಿರಲಿಲ್ಲ. ಆ ವರ್ಷ ಅವರಿಗೂ ಚಾಸ್ಟೇನ್ ಅವರಿಗೂ ಪಥದ ಮೇಲೆ ಘರ್ಷಣೆಗಳೂ ಆಗಿದ್ದವು. ಜೂನ್‌ನಲ್ಲಿ ಗೇಟ್‌ವೇ ಪಥದಲ್ಲಿ, ಜುಲೈನಲ್ಲಿ ಅಟ್ಲಾಂಟಾದಲ್ಲಿ ಚಾಸ್ಟೇನ್ ಅವರ ಕಾರು ಹ್ಯಾಮ್ಲಿನ್ ಅವರ ಕಾರಿಗೆ ಡಿಕ್ಕಿ ಹೊಡೆದಿತ್ತು.

ಓಟದ ಕೊನೆಯ ಭಾಗದಲ್ಲಿ ಹಳದಿ ಬಾವುಟ ತೋರಿಸಿ ಕಾರುಗಳನ್ನು ನಿಧಾನಗೊಳಿಸಿದಾಗ ಬ್ರಿಸ್ಕೋ ಟೈರು ಬದಲಾಯಿಸದೆ ಪಥದಲ್ಲೇ ಉಳಿದು ಮುಂದಾಳಾದರು. ಬೆಲ್ ಹೊಸ ಟೈರುಗಳನ್ನು ಹಾಕಿಸಿಕೊಂಡು ಒಬ್ಬೊಬ್ಬರನ್ನೇ ದಾಟುತ್ತ ಬಂದು, ಇನ್ನು ಕೆಲವೇ ಸುತ್ತುಗಳಿವೆ ಎನ್ನುವಾಗ ಬ್ರಿಸ್ಕೋ ಅವರನ್ನೂ ಹಿಂದಿಕ್ಕಿದರು. ಹಿಂದಿನ ಘಟ್ಟದಲ್ಲಿಯೂ ಬೆಲ್ ಹೀಗೆಯೇ, ಗೆಲ್ಲದಿದ್ದರೆ ನಿರ್ಗಮನ ಎಂಬ ಸ್ಥಿತಿಯಲ್ಲಿ ಷಾರ್ಲಟ್‌ನ ಓಟವನ್ನು ಗೆದ್ದಿದ್ದರು. ಬೇರೆ ಯಾವ ದಿನವಾದರೂ ಇದೇ ಮುಖ್ಯ ಸುದ್ದಿಯಾಗುತ್ತಿತ್ತು.

ಬೆಲ್ ಅವರ ಗೆಲುವಿನಿಂದ ಒಂದು ಸ್ಥಾನ ತುಂಬಿತು. ಎಲಿಯಟ್ ಅಂಕಗಳ ಬಲದಿಂದ ಸುರಕ್ಷಿತರಾಗಿದ್ದರು. ಉಳಿದ ಒಂದು ಸ್ಥಾನಕ್ಕೆ ಹ್ಯಾಮ್ಲಿನ್ ಮತ್ತು ಚಾಸ್ಟೇನ್ ಇಬ್ಬರೇ.

ಕೊನೆಯ ಸುತ್ತು

ಐದುನೂರನೆಯ ಸುತ್ತು ಶುರುವಾದಾಗ ಚಾಸ್ಟೇನ್ ಹತ್ತನೆಯ ಸ್ಥಾನದಲ್ಲಿದ್ದರು. ಹ್ಯಾಮ್ಲಿನ್ ಅವರಿಗಿಂತ ಎರಡು ಅಂಕ ಹಿಂದೆ. ಮುಂದಿನ ಕಾರುಗಳು ಕೈಗೆಟುಕುವ ದೂರದಲ್ಲಿರಲಿಲ್ಲ. ಎರಡನೆಯ ತಿರುವು ದಾಟುತ್ತ ಅವರು ರೇಡಿಯೊದಲ್ಲಿ ತಮ್ಮ ತಂಡವನ್ನು ಸ್ಥಾನಗಳ ಅಗತ್ಯವಿದೆಯೇ ಎಂದು ಕೇಳಿದರು. ಇದೆ ಎಂಬ ಉತ್ತರ ಬಂದಿತು. ಹಿಂಬದಿಯ ನೇರ ಹಾದಿಯಲ್ಲಿ ಅವರು ಐದನೆಯ ಗೇರಿಗೆ ಏರಿದರು. ಎಲ್ಲರೂ ಬ್ರೇಕ್ ಒತ್ತುವ ಜಾಗದಲ್ಲಿ ಅವರು ಒತ್ತಲಿಲ್ಲ. ಕಾರಿನ ಬಲಮಗ್ಗುಲು ಗೋಡೆಗೆ ಅಪ್ಪಳಿಸಿ, ಅದನ್ನೇ ಉಜ್ಜುತ್ತ ಮೂರು ಮತ್ತು ನಾಲ್ಕನೆಯ ತಿರುವುಗಳನ್ನು ಸುತ್ತಿ ಬಂದಿತು. ಸ್ಟಿಯರಿಂಗ್ ಚಕ್ರವನ್ನು ತಾವು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾಗಿಯೂ, ನಾಲ್ಕನೆಯ ತಿರುವಿನ ಗೋಡೆಯಲ್ಲಿದ್ದ ಗೇಟಿಗೆ ಕಾರು ಸಿಕ್ಕಿಕೊಳ್ಳದಿರಲೆಂದು ಹಾರೈಸಿದ್ದಾಗಿಯೂ ಅವರು ಆಮೇಲೆ ತಿಳಿಸಿದರು. ಗೆರೆಯನ್ನು ದಾಟುವಷ್ಟರಲ್ಲಿ ಹ್ಯಾಮ್ಲಿನ್ ಸೇರಿದಂತೆ ಐವರು ಹಿಂದೆ ಬಿದ್ದಿದ್ದರು.

ಆ ಸುತ್ತಿಗೆ ಚಾಸ್ಟೇನ್ ತೆಗೆದುಕೊಂಡ ಕಾಲ ೧೮.೮೪೫ ಸೆಕೆಂಡು, ಸರಾಸರಿ ವೇಗ ಗಂಟೆಗೆ ಸುಮಾರು ೧೬೨ ಕಿಲೋಮೀಟರ್. ೨೦೧೪ರ ಅರ್ಹತಾ ಸುತ್ತಿನಲ್ಲಿ ಲೊಗಾನೊ ದಾಖಲಿಸಿದ್ದ ೧೮.೮೯೮ ಸೆಕೆಂಡುಗಳಿಗಿಂತಲೂ ಇದು ಕಡಿಮೆ. ಒಂಟಿಯಾಗಿ, ಹೊಸ ಟೈರುಗಳಲ್ಲಿ ಓಡಿಸುವ ಅರ್ಹತಾ ಸುತ್ತನ್ನು, ೪೯೯ ಸುತ್ತು ಓಡಿ ಬಂದ ಕಾರೊಂದು ಗೋಡೆಗೆ ಉಜ್ಜುತ್ತಲೇ ಮೀರಿಸಿತು ಎಂಬುದು ಗಮನಾರ್ಹ.

ಚಾಸ್ಟೇನ್ ಗೆರೆ ದಾಟಿದ್ದು ಐದನೆಯವರಾಗಿ. ಓಟದ ನಂತರದ ತಪಾಸಣೆಯಲ್ಲಿ ಬ್ರಾಡ್ ಕೆಸೆಲೋವ್‌ಸ್ಕಿ ಅವರ ಕಾರಿನ ತೂಕ ನಿಗದಿಗಿಂತ ಕಡಿಮೆಯಿದ್ದುದು ಕಂಡುಬಂದು ಅವರು ಅನರ್ಹರಾದ ಕಾರಣ, ಅಧಿಕೃತ ಪಟ್ಟಿಯಲ್ಲಿ ಚಾಸ್ಟೇನ್ ನಾಲ್ಕನೆಯವರು, ಹ್ಯಾಮ್ಲಿನ್ ಐದನೆಯವರು.

ಇದು ಸಾಧ್ಯವಾದ ಬಗೆ

ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಭೌತಶಾಸ್ತ್ರದ ಪಾಠವಿದೆ. ವೃತ್ತಾಕಾರದ ಹಾದಿಯಲ್ಲಿ ಸಾಗುವ ಯಾವುದೇ ವಸ್ತುವಿಗೆ ಕೇಂದ್ರದ ಕಡೆಗೆ ತಳ್ಳುವ ಬಲವೊಂದು ಬೇಕು. ಇಲ್ಲವಾದರೆ ಅದು ನೇರವಾಗಿ ಹೋಗಿಬಿಡುತ್ತದೆ. ಸಾಮಾನ್ಯವಾಗಿ ಕಾರಿಗೆ ಈ ಬಲವನ್ನು ಒದಗಿಸುವುದು ಟೈರು ಮತ್ತು ನೆಲದ ನಡುವಣ ಘರ್ಷಣೆ. ವೇಗ ಇಮ್ಮಡಿಯಾದರೆ ಬೇಕಾಗುವ ಬಲ ನಾಲ್ಮಡಿಯಾಗುತ್ತದೆ. ಟೈರಿನ ಹಿಡಿತಕ್ಕಾದರೋ ಒಂದು ಮಿತಿಯಿದೆ. ಬ್ರೇಕ್ ಒತ್ತುವುದು ಇದರಿಂದಲೇ ಅನಿವಾರ್ಯ. ಚಾಸ್ಟೇನ್ ಆ ಬಲವನ್ನು ಟೈರಿನಿಂದ ಕೇಳಲಿಲ್ಲ, ಗೋಡೆಯಿಂದ ಪಡೆದರು. ಜಾತ್ರೆಗಳಲ್ಲಿ ಮರಣಬಾವಿಯ ಆಟ ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ: ಅಲ್ಲಿಯೂ ಮೋಟಾರ್ ಸೈಕಲ್ಲನ್ನು ಒಳಕ್ಕೆ ತಳ್ಳಿ ತಿರುಗಿಸುವುದು ಗೋಡೆಯೇ.

ಗೋಡೆಯ ಉಜ್ಜುವಿಕೆಯಿಂದ ವೇಗ ಖಂಡಿತ ಕುಗ್ಗುತ್ತದೆ, ಕಾರೂ ಹಾಳಾಗುತ್ತದೆ. ದೊಡ್ಡ ಪಥಗಳಲ್ಲಿ ಇತರರು ತಿರುವಿನಲ್ಲಿಯೂ ವೇಗವಾಗಿಯೇ ಇರುವುದರಿಂದ ಈ ಉಪಾಯದ ಲಾಭ ಅಲ್ಪ. ೨೦೦೮ರಲ್ಲಿ ಕ್ಯಾನ್ಸಸ್‌ನಲ್ಲಿ ಕಾರ್ಲ್ ಎಡ್ವರ್ಡ್ಸ್, ೨೦೨೧ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಲಾರ್ಸನ್ ಕೊನೆಯ ಸುತ್ತಿನಲ್ಲಿ ಇಂಥದೇ ಪ್ರಯತ್ನ ಮಾಡಿ ಎರಡನೆಯ ಸ್ಥಾನಕ್ಕೇ ತೃಪ್ತರಾಗಬೇಕಾಯಿತು. ಮಾರ್ಟಿನ್ಸ್‌ವಿಲ್‌ನಲ್ಲಿ ಎಲ್ಲರೂ ತಿರುವಿನಲ್ಲಿ ಬಹಳ ನಿಧಾನವಾಗುವುದೇ ಚಾಸ್ಟೇನ್ ಅವರಿಗೆ ಅನುಕೂಲವಾಯಿತು. ಆ ವರ್ಷವೇ ಬಳಕೆಗೆ ಬಂದಿದ್ದ ಹೊಸ ಪೀಳಿಗೆಯ ಕಾರಿಗೆ ಐದು ಗೇರುಗಳಿದ್ದುದೂ ನೆರವಾಯಿತು. ಬಾಲ್ಯದಲ್ಲಿ ತಮ್ಮನೊಡನೆ ಗೇಮ್‌ಕ್ಯೂಬ್ ಯಂತ್ರದಲ್ಲಿ ಆಡುತ್ತಿದ್ದ ಕಾರು ಓಟದ ವಿಡಿಯೊ ಆಟದಿಂದ ಈ ಉಪಾಯ ನೆನಪಾಯಿತೆಂದು ಚಾಸ್ಟೇನ್ ಹೇಳಿದ್ದಾರೆ. ಆಟದ ಪರದೆಯ ಮೇಲೆ ಗೋಡೆಗೆ ಗುದ್ದಿದರೆ ಯಾರಿಗೂ ನೋವಾಗುವುದಿಲ್ಲ ಎಂಬ ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ.

ಹೆಸರು ಮತ್ತು ಪ್ರತಿಕ್ರಿಯೆ

ಚಾಸ್ಟೇನ್ ಫ್ಲೋರಿಡಾದ ಆಲ್ವಾ ಊರಿನವರು. ತಲೆಮಾರುಗಳಿಂದ ಕಲ್ಲಂಗಡಿ ಬೆಳೆಯುವ ಕೃಷಿಕ ಮನೆತನದವರು. ಗೆದ್ದಾಗ ಕಲ್ಲಂಗಡಿಯೊಂದನ್ನು ನೆಲಕ್ಕೆ ಅಪ್ಪಳಿಸಿ ಒಡೆಯುವುದು ಅವರ ವಾಡಿಕೆ. ಅಮೆರಿಕದ ಫುಟ್‌ಬಾಲಿನಲ್ಲಿ ದೇವರ ಮೇಲೆ ಭಾರ ಹಾಕಿ ಕೊನೆಗಳಿಗೆಯಲ್ಲಿ ಎಸೆಯುವ ದೂರದ ಎಸೆತಕ್ಕೆ ‘ಹೇಲ್ ಮೇರಿ’ ಎನ್ನುತ್ತಾರೆ. ಕಲ್ಲಂಗಡಿಯನ್ನು ಸೂಚಿಸುವ ‘ಮೆಲನ್’ ಪದವನ್ನು ಅದಕ್ಕೆ ಜೋಡಿಸಿ ಅಭಿಮಾನಿಗಳು ಈ ಸಾಹಸವನ್ನು ‘ಹೇಲ್ ಮೆಲನ್’ ಎಂದು ಕರೆದರು.

ದೃಶ್ಯಗಳು ಕೆಲವೇ ಗಂಟೆಗಳಲ್ಲಿ ಜಗತ್ತಿನಾದ್ಯಂತ ಹರಡಿದವು. ಫಾರ್ಮುಲಾ ಒನ್‌ನ ಮಾಜಿ ವಿಶ್ವ ಚಾಂಪಿಯನ್ ಫರ್ನಾಂಡೊ ಅಲೊನ್ಸೊ ಇದನ್ನು ಮುಕ್ತವಾಗಿ ಮೆಚ್ಚಿದರು. ಸಹಚಾಲಕರಲ್ಲಿ ಒಮ್ಮತ ಇರಲಿಲ್ಲ. ಇದು ಕ್ರೀಡೆಗೆ ಶೋಭೆ ತರುವಂಥದಲ್ಲ ಎಂಬ ಅರ್ಥದಲ್ಲಿ ಲಾರ್ಸನ್ ಟೀಕಿಸಿದರು. ಇಂಥ ಯತ್ನವನ್ನು ತಾವೇ ಮಾಡಿದ್ದವರ ಮಾತೆಂಬ ಕಾರಣಕ್ಕೆ ಆ ಟೀಕೆಗೆ ತೂಕವಿದೆ. ಭಯಕ್ಕೆ ಬೇರೆಯ ಹಿನ್ನೆಲೆಯೂ ಇತ್ತು. ಹೊಸ ಕಾರುಗಳು ಗೋಡೆಗೆ ಬಡಿದಾಗ ಚಾಲಕರಿಗೆ ಹೆಚ್ಚಿನ ಆಘಾತವಾಗುತ್ತದೆಂಬ ದೂರು ಆ ವರ್ಷವೆಲ್ಲ ಕೇಳಿಬಂದಿತ್ತು. ಕರ್ಟ್ ಬುಷ್ ಮತ್ತು ಅಲೆಕ್ಸ್ ಬೋಮನ್ ತಲೆಗೆ ಬಿದ್ದ ಪೆಟ್ಟಿನಿಂದಾಗಿ ಆ ಹೊತ್ತಿಗೆ ಓಟಗಳಿಂದ ದೂರವಿದ್ದರು. ಮುಂದಿನ ವರ್ಷ ಹತ್ತು ಕಾರುಗಳು ಒಟ್ಟಿಗೆ ಗೋಡೆಗೆ ನುಗ್ಗಿದರೆ ಗತಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

೨೦೨೨ರ ನವೆಂಬರ್ ೬ರಂದು ಫೀನಿಕ್ಸ್‌ನಲ್ಲಿ ನಡೆದ ಅಂತಿಮ ಓಟವನ್ನು ಗೆದ್ದು ಲೊಗಾನೊ ಚಾಂಪಿಯನ್ ಆದರು. ಚಾಸ್ಟೇನ್ ಸರಣಿಯಲ್ಲಿ ಎರಡನೆಯ ಸ್ಥಾನ ಪಡೆದರು.

ನಿಯಮ ಮತ್ತು ೨೦೨೪ರ ಪ್ರಕರಣ

ನ್ಯಾಸ್ಕರ್ ಓಟದ ಫಲಿತಾಂಶವನ್ನು ಬದಲಿಸಲಿಲ್ಲ. ೨೦೨೩ರ ಜನವರಿ ೩೧ರಂದು ಅದು ತನ್ನ ನಿಲುವನ್ನು ಪ್ರಕಟಿಸಿತು. ಇದಕ್ಕಾಗಿ ಹೊಸ ನಿಯಮವೇನನ್ನೂ ಬರೆಯಲಿಲ್ಲ. ಚಾಲಕರು, ಪ್ರೇಕ್ಷಕರು, ಸಿಬ್ಬಂದಿಯ ಸುರಕ್ಷತೆಗೆ ಧಕ್ಕೆ ತರುವ ನಡೆಗೆ ದಂಡ ವಿಧಿಸಬಹುದೆಂದು ಮೊದಲೇ ಇದ್ದ ನಿಯಮವನ್ನೇ ಇನ್ನು ಮುಂದೆ ಇಂಥ ಗೋಡೆ ಸವಾರಿಗೂ ಅನ್ವಯಿಸಿ, ಕಾಲದಂಡ ಹಾಕುವುದಾಗಿ ತಿಳಿಸಿತು. ಪುಸ್ತಕದಲ್ಲಿದ್ದ ನಿಯಮ ಅಕ್ಟೋಬರ್‌ನಲ್ಲಿ ಏಕೆ ಅನ್ವಯಿಸಲಿಲ್ಲ, ಫೆಬ್ರುವರಿಯಿಂದ ಏಕೆ ಅನ್ವಯಿಸಬೇಕು ಎಂದು ಹ್ಯಾಮ್ಲಿನ್ ಅವರ ಬೆಂಬಲಿಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹಿಂದೆ ಮಾಡಿದವರಿಗೆ ದಂಡವಿರಲಿಲ್ಲವಾದ್ದರಿಂದ ಚಾಸ್ಟೇನ್ ಒಬ್ಬರನ್ನೇ ಶಿಕ್ಷಿಸುವುದೂ ಸುಲಭವಿರಲಿಲ್ಲ.

ಈ ನಿಲುವಿನ ಪರೀಕ್ಷೆ ನಡೆದುದು ೨೦೨೪ರ ನವೆಂಬರ್ ೩ರಂದು, ಅದೇ ಪಥದ ಅದೇ ಹೆಸರಿನ ಓಟದಲ್ಲಿ. ಬ್ಲೇನಿ ಗೆದ್ದ ಆ ಓಟದಲ್ಲಿ ಅಂತಿಮ ನಾಲ್ವರ ಕೊನೆಯ ಸ್ಥಾನಕ್ಕೆ ಬೆಲ್ ಮತ್ತು ಬೈರನ್ ನಡುವೆ ಪೈಪೋಟಿ. ಬೆಲ್‌ಗೆ ಒಂದೇ ಒಂದು ಸ್ಥಾನ ಬೇಕಿತ್ತು. ಅಂಕಗಳು ಸಮನಾದರೆ ಅವರೇ ಮುಂದಿನ ಘಟ್ಟಕ್ಕೆ ಹೋಗುವವರು. ಕೊನೆಯ ಸುತ್ತಿನಲ್ಲಿ ಬಬ್ಬಾ ವ್ಯಾಲೇಸ್ ನಿಧಾನಗೊಂಡಾಗ ಅವರನ್ನು ದಾಟಿದ ಬೆಲ್ ಅವರ ಕಾರು ಮೂರು ಮತ್ತು ನಾಲ್ಕನೆಯ ತಿರುವುಗಳಲ್ಲಿ ಗೋಡೆಗೆ ತಗುಲಿ ಅದನ್ನು ಉಜ್ಜುತ್ತ ಬಂದಿತು. ಕಾರು ಜಾರಿ ಗೋಡೆಗೆ ತಾಗಿತೇ ಹೊರತು ಚಾಸ್ಟೇನ್ ಅವರಂತೆ ಬೇಕೆಂದೇ ಮಾಡಿದ್ದಲ್ಲವೆಂದು ಬೆಲ್ ವಾದಿಸಿದರು. ಅಧಿಕಾರಿಗಳು ಪರಿಶೀಲಿಸಿ ಸುರಕ್ಷತಾ ನಿಯಮದ ಉಲ್ಲಂಘನೆಯೆಂದು ದಂಡ ಹಾಕಿದರು. ಸ್ಥಾನ ಬೈರನ್ ಅವರ ಪಾಲಾಯಿತು.

ಪ್ರಕರಣ ಅಲ್ಲಿಗೇ ಮುಗಿಯಲಿಲ್ಲ. ವ್ಯಾಲೇಸ್ ಅವರದೂ ಬೆಲ್ ಅವರದೂ ಟೊಯೊಟಾ ಕಾರುಗಳು. ಇತ್ತ ಷೆವರ್ಲೆ ಓಡಿಸುತ್ತಿದ್ದ ಬೈರನ್ ಅವರ ಹಿಂದೆ, ಅದೇ ತಯಾರಕರ ಕಾರುಗಳಲ್ಲಿದ್ದ ಇಬ್ಬರು ಅವರನ್ನು ದಾಟಲು ಯತ್ನಿಸದೆ, ಇತರರಿಗೂ ದಾರಿ ಕೊಡದೆ ಸಾಗಿದ್ದರು. ಸ್ವಸಾಮರ್ಥ್ಯದಿಂದ ಸೆಣಸದೆ ಓಟದ ಫಲಿತಾಂಶವನ್ನು ತಿರುಚಲು ನೆರವಾದ ಆರೋಪದ ಮೇಲೆ ಈ ಮೂವರು ಚಾಲಕರಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಹಾಗೂ ೫೦ ಅಂಕಗಳ ಕಡಿತ ವಿಧಿಸಲಾಯಿತು. ಅವರ ತಂಡಗಳ ಮುಖ್ಯ ತಂತ್ರಜ್ಞರು ಹಾಗೂ ಚಾಲಕರಿಗೆ ಮೇಲಿನಿಂದ ದಾರಿ ಹೇಳುವ ಸ್ಪಾಟರ್‌ಗಳು ಒಂದು ಓಟಕ್ಕೆ ಅಮಾನತಾದರು. ಷೆವರ್ಲೆಯ ಆ ಇಬ್ಬರಲ್ಲಿ ಒಬ್ಬರು ಆಸ್ಟಿನ್ ಡಿಲನ್, ಇನ್ನೊಬ್ಬರು ರಾಸ್ ಚಾಸ್ಟೇನ್.