ಗುಮಾಸ್ತ, ದುಭಾಷಿ ಮತ್ತು ಯಂತ್ರ

ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆದರೆ 1956ರ ನವೆಂಬರ್ 1ಕ್ಕೆ ಮೊದಲು, ಹನೂರನ್ನು ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿದ್ದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಕೊಳ್ಳೇಗಾಲದ ಕನ್ನಡ ರೈತನ ವ್ಯಾಜ್ಯ ಕೊಯಮತ್ತೂರು ಮುಟ್ಟಿದರೆ, ಅವನ ಮಾತು ತಮಿಳಿಗೋ ಇಂಗ್ಲಿಷಿಗೋ ತಿರುಗಬೇಕಾಗುತ್ತಿತ್ತು. ವಕೀಲರಿಗೆಂದು ಹೇಳಿದ ಗುಟ್ಟು ಮೂರನೆಯವರ ಕಿವಿಗೂ ಬೀಳುವ ಸಂದರ್ಭ ಅದು.

1872ರ ಸಾಕ್ಷ್ಯ ಕಾಯ್ದೆ ಈ ಮೂರನೆಯ ಕಿವಿಯನ್ನು ಮರೆಯಲಿಲ್ಲ. ಕಕ್ಷಿದಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಅವನ ಮಾತನ್ನು ವಕೀಲರು ಹೊರಗೆಡಹುವಂತಿಲ್ಲ ಎಂದಿತು 126ನೇ ಕಲಂ. 127ನೇ ಕಲಂ ಅದೇ ಕಟ್ಟನ್ನು ದುಭಾಷಿಗೂ, ವಕೀಲರ ಗುಮಾಸ್ತ ಮತ್ತು ಆಳುಗಳಿಗೂ ಹಾಕಿತು. ಕಾನೂನುಬಾಹಿರ ಉದ್ದೇಶ ಸಾಧಿಸಲೆಂದು ಆಡಿದ ಮಾತಿಗೆ ಈ ರಕ್ಷೆ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ದುಭಾಷಿ, ಗುಮಾಸ್ತ, ನೌಕರರು ಇದ್ದಾರೆ.

ಇಲ್ಲದಿರುವುದು ಯಂತ್ರ. ಕಡತದ ಸಾರಾಂಶ ಬರೆಯುವ ಗುಮಾಸ್ತನ ಕೆಲಸವನ್ನೂ, ಕನ್ನಡ ಕ್ರಯಪತ್ರವನ್ನು ಇಂಗ್ಲಿಷಿಗೆ ತರುವ ದುಭಾಷಿಯ ಕೆಲಸವನ್ನೂ ಈಗ ಚಾಟ್‌ಜಿಪಿಟಿಯಂಥ ಸಾಧನಗಳು ಮಾಡುತ್ತವೆ. ಅಲ್ಲಿಗೆ ಹಾಕಿದ ಕಾಗದ ಕಂಪನಿಯ ಸರ್ವರಿಗೆ ಹೋಗುತ್ತದೆ. ಕೆಲವು ಸೇವೆಗಳಲ್ಲಿ, ಬೇಡವೆಂದು ಆಯ್ಕೆ ಮಾಡದಿದ್ದರೆ, ಮಾದರಿಯ ತರಬೇತಿಗೂ ಬಳಕೆಯಾಗಬಹುದು. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ನೀತಿ ರೂಪಿಸಿ, ಗೋಪ್ಯತೆಯ ಕಾರಣಕ್ಕೆ ಅನುಮೋದನೆಯಿಲ್ಲದ ಇಂಥ ಸೇವೆಗಳಿಂದ ದೂರವಿರಲು ಹೇಳಿತು. ಆ ನೀತಿ ನ್ಯಾಯಾಧೀಶರು ಮತ್ತು ಸಿಬ್ಬಂದಿಗೆ, ವಕೀಲರ ಕಚೇರಿಗಲ್ಲ.

ಹೆಸರು ಅಳಿಸಿ ಹಾಕಿದರೆ ಸಾಲದೇ? ನಮ್ಮ ಸೀಮೆಯಲ್ಲಿ ಸಾಲದು. ಹನೂರಿನ ಒಂದು ಹಳ್ಳಿಯ ಭಾಗದ ದಾವೆಯಲ್ಲಿ ಸರ್ವೆ ನಂಬರ್ ಉಳಿದರೆ, ‘ಭೂಮಿ’ ಜಾಲತಾಣದ ಪಹಣಿಯಲ್ಲಿ ಮಾಲೀಕರ ಹೆಸರು ಯಾರಿಗಾದರೂ ಸಿಗುತ್ತದೆ. ಅಣ್ಣತಮ್ಮಂದಿರೆಷ್ಟು, ಎರಡನೆಯ ಮದುವೆ ಯಾವಾಗ ಎಂಬಷ್ಟು ವಿವರವೇ ಊರಿನವರಿಗೆ ಮನೆ ಗುರುತಿಸಲು ಸಾಕು. ಆಸ್ತಿಯ ಜಗಳ ರಾಜಿಯಾಗಬಹುದು, ಬಯಲಾದ ಮನೆಮಾತು ಮತ್ತೆ ಒಳಗೆ ಸೇರದು.

ಗುಮಾಸ್ತ ನಿಯತ್ತು ತಪ್ಪಿದರೆ ಕೇಳಲು ಒಬ್ಬ ಮನುಷ್ಯನಿದ್ದ. ಯಂತ್ರವನ್ನು ಕಟ್ಟಿಹಾಕುವ ಮಾತು ಕಾನೂನಿನಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ಪೂರ್ತಿ ಹೊಣೆ ವಕೀಲರ ಹೆಗಲಿಗೇ ಬರುತ್ತದೆ. ಗುರುತಿನ ವಿವರ ತೆಗೆಯುವುದು, ಕಚೇರಿಯ ಕಂಪ್ಯೂಟರಿನೊಳಗೇ ನಡೆಯುವ ಸಾಧನ ಆರಿಸುವುದು ದಾರಿಗಳು. ಅದಕ್ಕೂ ಮೊದಲಿನದು 1872ರಲ್ಲೇ ಇತ್ತು: ಗುಟ್ಟು ಕಕ್ಷಿದಾರನದು, ಅವನನ್ನು ಕೇಳಬೇಕು.