ಎರಡು ಸ್ವಿಚ್, ಒಂದು ಬಲ್ಬ್: ಹಡಗಲಿಯ ರಾವ್ ಮತ್ತು ಜೀನ್‌ಗಳ ಲೆಕ್ಕ

ಇವತ್ತಿನ ಕಥೆ ಮೋಕದ ನಮ್ಮನೆ ಮೆಟ್ಟಿಲಿಂದ ಶುರು. ಅಲ್ಲಿ ಒಂದೇ ಬಲ್ಬ್. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಕೆಳಗಿನದನ್ನಷ್ಟೇ ನೋಡಿ ಬಲ್ಬ್ ಉರೀತಿದೆಯಾ ಹೇಳಿ ಅಂದ್ರೆ ಆಗಲ್ಲ. ಎರಡನ್ನೂ ನೋಡಬೇಕು.

ಜೀನ್‌ಗಳೂ ಎಷ್ಟೋ ಸಲ ಹೀಗೇ. 20ನೇ ಶತಮಾನದ ಆರಂಭದಲ್ಲಿ ಬೇಟ್ಸನ್ ಮತ್ತು ಪನೆಟ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಬಿಳಿ ಹೂವಿನ ಎರಡು ಸ್ವೀಟ್ ಪೀ ಗಿಡಗಳನ್ನು ಕೂಡಿಸಿದರು. ಹುಟ್ಟಿದ್ದು ನೇರಳೆ ಹೂವು! ಬಣ್ಣಕ್ಕೆ ಎರಡು ಜೀನ್ ಒಟ್ಟಿಗೆ ಬೇಕಿತ್ತು. ಇದಕ್ಕೇ ಎಪಿಸ್ಟಾಸಿಸ್ ಅಂತಾರೆ.

ಇದನ್ನು ಅಳೆಯೋದು ಹೇಗೆ? 1948ರಲ್ಲಿ ಕ್ಲಾಡ್ ಶಾನನ್ ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯೋ ಸಿದ್ಧಾಂತ ಕೊಟ್ಟರು. ಮಜಾ ಏನಂದ್ರೆ, 1940ರ ಅವರ ಪಿಎಚ್‌ಡಿ ಪ್ರಬಂಧದ ವಿಷಯವೇ ತಳಿವಿಜ್ಞಾನ. ಅವರ ಲೆಕ್ಕದಲ್ಲಿ ನಮ್ಮ ಮೆಟ್ಟಿಲು ಹೀಗೆ: ಸ್ವಿಚ್‌ಗಳು ಹೇಗೆಂದರೆ ಹಾಗೆ ಬಿದ್ದಿದ್ದರೆ, ಒಂದೊಂದೇ ಕೊಡೋ ಮಾಹಿತಿ 0 ಬಿಟ್. ಎರಡೂ ಸೇರಿದ್ರೆ ಪೂರ್ತಿ 1 ಬಿಟ್.

ಈಗ ನಮ್ಮ ಕಡೆಯವರು. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯ ತೆಲುಗು ಮನೆಯಲ್ಲಿ. ಹಡಗಲಿ ಆಗ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಶಾನನ್‌ಗಿಂತ ಮೂರು ವರ್ಷ ಮೊದಲೇ, 1945ರಲ್ಲಿ, ಅವರ ಪ್ರಬಂಧದ ಶೀರ್ಷಿಕೆಯಲ್ಲೇ 'ಮಾಹಿತಿ' ಇತ್ತು. ಆದರೆ ಅದು ಶಾನನ್‌ರ ಮಾಹಿತಿ ಅಲ್ಲ, ಫಿಶರ್ ಅವರದ್ದು: ಕೈಲಿರೋ ದತ್ತಾಂಶದಿಂದ ಗೊತ್ತಿಲ್ಲದ ಸಂಖ್ಯೆಯನ್ನು ಎಷ್ಟು ನಿಖರವಾಗಿ ಊಹಿಸಬಹುದು ಅನ್ನೋ ಮಿತಿ. ಮುಂದೆ ಕೇಂಬ್ರಿಜ್‌ನಲ್ಲಿ ಅದೇ ಫಿಶರ್ ಕೈಕೆಳಗೆ ರಾವ್ ಇಲಿಗಳ ಜೀನ್ ನಕ್ಷೆಯ ಕೆಲಸವನ್ನೂ ಮಾಡಿದರು. 2023ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ನಾನು ಶಾಲೇಲಿ ಒಮ್ಮೆಯೂ ಕೇಳಿರಲಿಲ್ಲ.

ಇವತ್ತು ಸಂಶೋಧಕರು ಶಾನನ್ ಅಳತೆಯಿಂದ ಜೀನ್ ಜೋಡಿಗಳನ್ನು ಹುಡುಕ್ತಾರೆ. ಕಷ್ಟವೂ ಇದೆ. 20,000 ಜೀನ್ ಅಂದ್ರೆ ಸುಮಾರು 20 ಕೋಟಿ ಜೋಡಿ. ಅಷ್ಟರಲ್ಲಿ ಕೆಲವು ಬರೀ ಕಾಕತಾಳೀಯವಾಗಿಯೇ ಹೊಂದಿಕೊಂಡು ಬಿಡ್ತವೆ. ನಿಜದ ಜೋಡಿ ಯಾವುದು, ಆಕಸ್ಮಿಕದ್ದು ಯಾವುದು ಅಂತ ಬೇರ್ಪಡಿಸೋಕೆ ರಾವ್ ಅವರ ಸಂಖ್ಯಾಶಾಸ್ತ್ರವೇ ಬೇಕು.

ನಮ್ಮಜ್ಜಿಗೂ ಸಕ್ಕರೆ ಕಾಯಿಲೆ, ಅಪ್ಪನಿಗೂ. 'ಯಾವ ಜೀನ್‌ದು ತಪ್ಪು?' ಅಂತ ನಾನು ಕೇಳ್ತಿದ್ದೆ. ಹಲವು ಜೀನ್, ಊಟ, ಓಡಾಟ ಎಲ್ಲ ಸೇರಿ ಬರೋ ಕಾಯಿಲೆಗೆ ಆ ಪ್ರಶ್ನೆಯೇ ಸರಿಯಿಲ್ಲ. ಒಂದೇ ಸ್ವಿಚ್ ಹಿಡ್ಕೊಂಡು ಬಲ್ಬನ್ನು ಬೈದ ಹಾಗೆ.

ಮುಂದಿನ ವಾರ ಸಿಗೋಣ.